ಚೈನ್ ಒರೆಸುವ ಬಟ್ಟೆ

"ಲಾಲ್ ಸಾಬ್ರೆ, ನೀವು ನಿಧಾನಕ್ಕ ಬರ್ರಿ, ಅವಸರ ಬ್ಯಾಡ," ಎಂದು ಅಂಜನಕುಮಾರ ಬಾತಿ ಗುಡ್ಡದ ಹತ್ತಿರ ಸೈಕಲ್ ಮುಂದೆ ಹಾಕಿದ. ಅವನ ಹಿಂದೆ ಇನ್ನೂ ಮೂವರು ಹುಡುಗರು ಸರಸರ ದಾಟಿಹೋದರು.

"ನಿಧಾನಕ್ಕ ಬರಾಕೆ ನಾನೇನು ಹೆಣದ ಹಿಂದ ಹೊಂಟೀನೇನೋ?" ಎಂದು ಲಾಲ್ ಸಾಬ್ ಕೂಗಿದ. ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಈ ಆರು ಜನ ದಾವಣಗೆರೆಯಿಂದ ಹರಿಹರದ ಹೊಳೆ ಸೇತುವೆಯವರೆಗೆ ಸೈಕಲ್ ತುಳಿದು, ಅಲ್ಲಿ ಮಂಡಕ್ಕಿ ಮಿರ್ಚಿ ತಿಂದು ವಾಪಸಾಗುವವರು. ಹದಿನಾಲ್ಕು ವರ್ಷದ ಹಿಂದೆ ಇದನ್ನು ಶುರು ಮಾಡಿದವನು ಲಾಲ್ ಸಾಬ್. ಕಾನೂನು ಮಾಡಿದವನೂ ಅವನೇ: ಯಾರೂ ಯಾರಿಗೂ ಕಾಯುವಂತಿಲ್ಲ, ಸೇತುವೆಗೆ ಕೊನೆಗೆ ಬಂದವನು ಎಲ್ಲರ ಚೈನ್ ಒರೆಸಬೇಕು. ಒರೆಸುವ ಬಟ್ಟೆ ಅವನದೇ ಹಳೇ ಲುಂಗಿಯ ತುಂಡು. ಇಷ್ಟು ವರ್ಷದಲ್ಲಿ ಅವನು ಒಂದು ಸಲವೂ ಅದನ್ನು ಮುಟ್ಟಿರಲಿಲ್ಲ.

ಮುಟ್ಟುತ್ತಿದ್ದವನು ಕರಿಯಣ್ಣ, ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಅವನು ಸೇತುವೆ ಹತ್ತಿರ ಕಂಡರೆ ಸಾಕು, "ಎತ್ತಿನ ಗಾಡಿ ಬಂತ್ರಪ್ಪೋ, ದಾರಿ ಬಿಡ್ರಿ!" ಎಂದು ಲಾಲ್ ಸಾಬ್ ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ಕರಿಯಣ್ಣ ನಗುತ್ತಿರಲಿಲ್ಲ. ಅವನು ನಗುವುದಿಲ್ಲ ಎಂದು ಗೊತ್ತಿದ್ದೇ ಲಾಲ್ ಸಾಬ್ ಪ್ರತಿ ವಾರ ಕೂಗುತ್ತಿದ್ದ. ಅಂಥ ಮನುಷ್ಯ!

ಈಗ ಲಾಲ್ ಸಾಬನಿಗೆ ಅರವತ್ತನಾಲ್ಕು ವರ್ಷ. ನಾಲ್ಕು ತಿಂಗಳಿಂದ ಏರು ಬಂದರೆ ಉಸಿರು ಕೈಕೊಡುತ್ತಿತ್ತು. ಗಾಳಿಯನ್ನು ಬೈದ, ರಸ್ತೆಯನ್ನು ಬೈದ, ಹೊಸ ಚೈನ್ ಹಾಕಿಸಿದ. "ಎಣ್ಣೆ ಚೈನಿಗಲ್ಲ, ಮೊಣಕಾಲಿಗೆ ಹಚ್ಚಿಕೊಳ್ರಿ," ಎಂದ ಹೆಂಡತಿ ಸುಗ್ರಾಬಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದ.

ಹಿಂದಿನಿಂದ ಕರಿಯಣ್ಣ ಬಂದ. ಅದೇ ಹಳೇ ವೇಗ, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ಸಾಬ್ರೆ, ನೀರು ಬೇಕೇನ್ರಿ?"

"ನಿನ್ನ ನೀರು ನೀನೇ ಕುಡಿ."

ಕರಿಯಣ್ಣ ದಾಟಿ ಹೋದ. ಕೊನೆಯವನು ಈಗ ಲಾಲ್ ಸಾಬ್. ಆ ಹುಡುಗರ ಮುಂದೆ ಕುಕ್ಕರಗಾಲಲ್ಲಿ ಕೂತು ಈ ಕರಿಯಣ್ಣನ ಚೈನ್ ಒರೆಸುವುದೇ? ಅದಕ್ಕಿಂತ ಹೊಳೆಗೆ ಬೀಳುವುದು ವಾಸಿ ಅನ್ನಿಸಿತು. ಅಷ್ಟರಲ್ಲಿ ಈರುಳ್ಳಿ ಮೂಟೆ ಹೇರಿದ್ದ ಗೂಡ್ಸ್ ಆಟೊ ಬಂತು. ಕೈ ಅಡ್ಡ ಹಿಡಿದ.

ಮೂಟೆಗಳ ಮೇಲೆ ಸೈಕಲ್ ಹಾಕಿ, ಪಕ್ಕದಲ್ಲಿ ತಾನೂ ಮಲಗಿದ. ಕರಿಯಣ್ಣನನ್ನು ದಾಟುವಾಗ ತಲೆ ತಗ್ಗಿಸಿದ. ಸೈಕಲ್ಲಿನ ಹ್ಯಾಂಡಲ್ ಮಾತ್ರ ತಲೆ ಎತ್ತಿಕೊಂಡೇ ಇತ್ತು. ಹರಿಹರದ ಹೊರಗೆ ಇಳಿದು, ಬೆವರಿನಂತೆ ಕಾಣಲೆಂದು ಕತ್ತಿಗೆ ನೀರು ಸುರಿದುಕೊಂಡು, ಏದುಸಿರು ಬಿಡುತ್ತ ಸೇತುವೆ ತಲುಪಿದ.

"ಭಾರಿ ಬಂದ್ರಲ್ರಿ!" ಎಂದ ಅಂಜನಕುಮಾರ.

ಸ್ವಲ್ಪ ಹೊತ್ತಿಗೆ ಕರಿಯಣ್ಣ ಬಂದ. ಇವತ್ತು ಎತ್ತಿನ ಗಾಡಿಯ ಕೂಗು ಇಲ್ಲ. ಅವನು ಬಟ್ಟೆ ತೆಗೆದುಕೊಂಡು ಒಂದೊಂದೇ ಚೈನ್ ಒರೆಸಿದ. ಲಾಲ್ ಸಾಬನ ಸೈಕಲ್ಲಿನ ಹತ್ತಿರ ಬಂದು, ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ಈರುಳ್ಳಿ ಸಿಪ್ಪೆಯನ್ನು ಬಿಡಿಸಿದ. ಬೆಳಕಿಗೆ ಹಿಡಿದು ನೋಡಿದ. ಆ ಚೈನ್ ಮುಟ್ಟದೆ ಎದ್ದು ನಿಂತ.

ಆಗಲಾದರೂ ಸುಮ್ಮನಿರಬಾರದೇ? ಲಾಲ್ ಸಾಬ್ ಗುಡುಗಿದ: "ನಂದು ಯಾಕ ಬಿಟ್ಟೆ?"

"ತುಳಿದ ಸೈಕಲ್ ಒರೆಸ್ತೀನ್ರಿ ನಾನು. ಈರುಳ್ಳಿ ಜೋಡಿ ಮಲಕ್ಕೊಂಡು ಬಂದದ್ದನ್ನ ಅಲ್ಲ."

ಅಂಜನಕುಮಾರ, "ಗೂಡ್ಸ್ ಗಾಡಿ ಬಂತ್ರಪ್ಪೋ, ದಾರಿ ಬಿಡ್ರಿ!" ಎಂದು ಕೂಗಿದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾಲ್ ಸಾಬ್ ಕರಿಯಣ್ಣನ ಮುಖ ನೋಡಿದ. ಅವನು ಇವತ್ತೂ ನಕ್ಕಿರಲಿಲ್ಲ. ಲಾಲ್ ಸಾಬನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ.

ಬಟ್ಟೆ ಕಿತ್ತುಕೊಂಡ. ಮೊಣಕಾಲು ಲಟಕ್ ಎಂದಿತು. ಕರಿಯಣ್ಣನ ಸೈಕಲ್ಲಿನ ಮುಂದೆ ಕೂತ.

"ಚಕ್ರದ ಹಲ್ಲಿನ ಸಂದಿ ಬಿಟ್ರಿ," ಎಂದ ಕರಿಯಣ್ಣ.

"ಗೊತ್ತೈತೆ, ಬಾಯಿ ಮುಚ್ಚು."

"ಅಲ್ಲೂ ಕೊಳೆ ಐತೆ."

ಲಾಲ್ ಸಾಬ್ ಮತ್ತೆ ಒರೆಸಿದ. ಮಿರ್ಚಿ ತಣ್ಣಗಾಯಿತು.

ವಾಪಸ್ ಬರುವಾಗ ಹುಡುಗರು ಹಾರಿಹೋದರು. ಲಾಲ್ ಸಾಬ್ ಕರಿಯಣ್ಣನ ಹಿಂದೆಯೇ ತುಳಿಯುತ್ತಿದ್ದ. "ಜರಾ ಜೋರಾಗಿ ತುಳಿಯೋ, ನಿದ್ದಿ ಬರ್ತೈತೆ!"

"ಮುಂದ ಹೋಗ್ರಿ. ಯಾರು ಹಿಡದಾರ?"

ಲಾಲ್ ಸಾಬ್ ಬಾಯಿಗೆ ಬಂದಂತೆ ಬೈದ. ಮುಂದೆ ಮಾತ್ರ ಹೋಗಲಿಲ್ಲ. ಈ ವೇಗದಲ್ಲಿ ತನಗೆ ಏದುಸಿರು ಬರುತ್ತಿಲ್ಲ ಎಂದು ತಿಳಿದಾಗ ಅದಕ್ಕೂ ಕರಿಯಣ್ಣನನ್ನೇ ಬೈದ.

ಬಾತಿ ಹತ್ತಿರ ಕರಿಯಣ್ಣ ಕಾಲು ಊರಿ ನೀರು ಕುಡಿದ. ತಿರುಗಿ ನೋಡದೆ ಬಾಟಲಿಯನ್ನು ಹಿಂದಕ್ಕೆ ಚಾಚಿದ. ಲಾಲ್ ಸಾಬ್ ಕಸಿದುಕೊಂಡು ಗಟಗಟ ಕುಡಿದು ವಾಪಸ್ ಕೊಟ್ಟ. ಬಿಳಿ ಬಾಟಲಿಯ ಮೇಲೆ ಗ್ರೀಸಿನ ಐದು ಬೆರಳು ಕರ್ರಗೆ ಮೂಡಿದ್ದವು. ಕರಿಯಣ್ಣ ಅದನ್ನು ನೋಡಿದ. ಒರೆಸದೆ ಹಾಗೇ ಸೈಕಲ್ಲಿಗೆ ಸಿಕ್ಕಿಸಿಕೊಂಡು, ಪೆಡಲ್ ಮೇಲೆ ಕಾಲಿಟ್ಟ.