ಮೇಣ ಮೆತ್ತಿದ ಗಾಳಿಕಿಂಡಿ

ಜೇನು ಸಾಕುವವರಿಗೆ ಒಂದೇ ಊರು ಅಂತಿಲ್ಲ. ಹೂವು ಎಲ್ಲಿ ಅರಳುತ್ತದೋ ಅಲ್ಲಿಗೆ ಪೆಟ್ಟಿಗೆಗಳನ್ನು ಹೇರಿಕೊಂಡು ಹೋಗಬೇಕು. ಈ ಜೇನುಗಾರನೂ ಹಾಗೆಯೇ. ಲಾರಿಯ ತುಂಬ ಜೇನುಪೆಟ್ಟಿಗೆ, ಅದರ ಹಿಂದೆ ಕಟ್ಟಿ ಎಳೆಯುವ ಒಂದು ಮನೆಗಾಡಿ. ಅದರೊಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ತಾಯಿ, ಹೆಂಡತಿ, ತಾನು.

ಈ ಸಲ ಅವರು ಹಣ್ಣಿನ ತೋಟದ ಅಂಚಿನಲ್ಲಿ ಇಳಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ತಾಯಿಗೆ ಮಂಡಿನೋವು. ಅದಕ್ಕೇ ಸೊಸೆ ಬೆಳಗ್ಗೆ ಎದ್ದವಳೇ ಒಲೆ ಹಚ್ಚಿ, ಅಡುಗೆ ಮುಗಿದ ಮೇಲೂ ಆರಿಸದೆ ಬಿಡುತ್ತಿದ್ದಳು. ಗಾಡಿ ಬೆಚ್ಚಗಾಗುತ್ತಿತ್ತು. ಆದರೆ ಒಳಗಿಟ್ಟ ಜೇನಿನ ವಾಸನೆಗೆ ಹುಳುಗಳು ಗಾಳಿಕಿಂಡಿಗಳಿಂದ ನುಗ್ಗುತ್ತಿದ್ದವು. ಜೇನುಗಾರ ಬಟ್ಟೆಯನ್ನು ಕರಗಿದ ಮೇಣದಲ್ಲಿ ಅದ್ದಿ, ನೆಲದ ಕಿಂಡಿ, ಸೂರಿನ ಕಿಂಡಿ ಎಲ್ಲವನ್ನೂ ನೀಟಾಗಿ ಮೆತ್ತಿಬಿಟ್ಟ.

"ಈಗ ಒಂದು ಇರುವೆ ಒಳಗೆ ಬರಲಿ ನೋಡೋಣ" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅದಾದ ನಾಲ್ಕನೇ ಬೆಳಗ್ಗೆ ಒಲೆ ಹಚ್ಚಿ ಬಂದು ಮಲಗಿದ ಸೊಸೆಗೆ ಮತ್ತೆ ತಲೆ ಎತ್ತಲಾಗಲಿಲ್ಲ. ಹೊಟ್ಟೆ ತೊಳಸುತ್ತಿತ್ತು. ಅತ್ತೆಯ ಮುಖ ಮಾತ್ರ ಅರಳಿತು.

"ಏಳಬೇಡ, ಮಲಗು ತಾಯಿ. ಆರು ವರ್ಷದಿಂದ ಕಾಯ್ತಾ ಇದ್ದೆ ನಾನು ಈ ಸಂಕಟಕ್ಕೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೋಟದ ಮೋಟಾರು, ವೈರು ನೋಡಿಕೊಳ್ಳುವ ಹೆಂಗಸು ಬಂದಿದ್ದಳು. ಎಲ್ಲರೂ ಅವಳನ್ನು ಫ್ಯೂಸಕ್ಕ ಎನ್ನುತ್ತಿದ್ದರು. ಗಾಡಿಯ ದೀಪ ಮಿಣುಕುತ್ತದೆ ಎಂದು ಜೇನುಗಾರನೇ ಅವಳಿಗೆ ಹೇಳಿದ್ದ. ಬಾಗಿಲು ತೆರೆದದ್ದೇ ತಡ, ಬಿಸಿ ಗಾಳಿ ಅವಳ ಮುಖಕ್ಕೆ ರಾಚಿತು. ಉರಿಯುವ ಒಲೆ ಕಂಡಿತು. ಎದ್ದು ನಿಲ್ಲಲು ಹೋದ ಸೊಸೆ ಗೋಡೆ ಹಿಡಿದು ಕುಸಿಯುವುದೂ ಕಂಡಿತು. ಫ್ಯೂಸಕ್ಕ ಒಲೆ ಆರಿಸಿ, ಅವಳನ್ನು ತೋಳಲ್ಲಿ ಹಿಡಿದು ಹೊರಗೆ ತಂದು ಕೂರಿಸಿದಳು.

"ಅಮ್ಮಾ, ನೀವೂ ಹೊರಗೆ ಬನ್ನಿ. ಈಗಲೇ."

"ಚಳಿ ಕಣಮ್ಮ! ಬಸುರಿ ಹುಡುಗೀನ ಹೀಗೆ ಎಳ್ಕೊಂಡು ಬರೋದಾ?"

"ನಿಮಗೆ ತಲೆನೋವು ಇಲ್ವಾ ಅಮ್ಮಾ?"

"ಇದೆ. ಮೂರು ದಿನದಿಂದ ಸಿಡೀತಾ ಇದೆ."

"ಹಾಗಾದ್ರೆ ನಿಮಗೂ ಸಿಹಿ ಸುದ್ದಿನಾ?"

ಮುದುಕಿ ಕಂಬಳಿ ಹೊದ್ದು ಮೆಟ್ಟಿಲಿಳಿದು ಬಂದಳು.

ಪೆಟ್ಟಿಗೆಗಳ ಕಡೆಯಿಂದ ಜೇನುಗಾರ ಓಡಿ ಬಂದ. ಫ್ಯೂಸಕ್ಕ ನೆಲದ ಕಿಂಡಿ ತೋರಿಸಿದಳು.

"ಇದನ್ನ ಮುಚ್ಚಿದ್ದು ಯಾರು?"

"ನಾನೇ. ಹುಳ ಬರ್ತಿತ್ತು ಅಕ್ಕ."

"ಜೇನುಪೆಟ್ಟಿಗೆ ಲಾರೀಲಿ ಸಾಗಿಸುವಾಗ ಬಾಗಿಲಿಗೆ ಮೇಣ ಮೆತ್ತುತ್ತೀಯಾ?"

"ಹುಚ್ಚಾ ನಂಗೆ? ಉಸಿರುಕಟ್ಟಿ ಸಾಯ್ತವೆ. ಜಾಲರಿ ಹಾಕ್ತೀವಿ."

ಹೇಳಿದವನು ಹೆಂಡತಿಯ ಕಡೆ ನೋಡಿದ.

"ಗಾಳಿ ಸಾಲದೆ ಒಲೆ ಉರಿದ್ರೆ ವಿಷಗಾಳಿ ಹುಟ್ಟುತ್ತೆ ತಮ್ಮ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳೋದಿಲ್ಲ. ಇನ್ನು ಸಿಲಿಂಡರಿನ ಗ್ಯಾಸ್ ಸೋರಿದ್ರೆ ಅದು ಮೇಲೆ ಹೋಗಲ್ಲ, ನೆಲಕ್ಕೇ ಇಳಿಯುತ್ತೆ. ಹೊರಗೆ ಹೋಗೋ ದಾರೀನೇ ಈ ಕೆಳಗಿನ ಕಿಂಡಿ. ಮೊದಲು ಇವರಿಬ್ಬರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗು, ವೈರು ನಾನು ನೋಡ್ತೀನಿ."

ಅವರು ಮರಳುವಷ್ಟರಲ್ಲಿ ವೈರಿನ ಕಥೆಯೂ ಹೊರಬಿದ್ದಿತ್ತು. ತೋಟದ ಮನೆಯಿಂದ ಎಳೆದ ವೈರನ್ನು ಪೂರ್ತಿ ಬಿಚ್ಚದೆ, ಸುರುಳಿ ಸುತ್ತಿದ ಹಾಗೇ ಮಂಚದಡಿ ತುರುಕಿ, ಅದರಿಂದಲೇ ನೀರು ಕಾಯಿಸುವ ಹೀಟರು ಓಡಿಸುತ್ತಿದ್ದರು. ಕಾವು ಹೊರಹೋಗದೆ ಸುರುಳಿಯ ಒಳಸುತ್ತು ಕರಗಿ ಅಂಟಿಕೊಂಡಿತ್ತು. ಅದರ ಮೇಲೆಯೇ ಹಾಸಿಗೆ.

ಡಾಕ್ಟರು ರಕ್ತ ನೋಡಿ ಹೇಳಿದ್ದು ಎರಡು ಮಾತು. ಇಬ್ಬರ ರಕ್ತದಲ್ಲೂ ವಿಷಗಾಳಿ ಸೇರಿದೆ, ಇನ್ನರ್ಧ ಗಂಟೆ ತಡವಾಗಿದ್ದರೆ ಸೊಸೆಯ ಜೀವಕ್ಕೇ ಸಂಚಕಾರವಿತ್ತು. ಎರಡನೆಯದು, ಬಸುರಿಲ್ಲ.

ಸೊಸೆ ಗಾಡಿಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಳು. "ಸುಮ್ಮನೆ ನಿಮಗೆ ಆಸೆ ಹುಟ್ಟಿಸಿಬಿಟ್ಟೆ ಅತ್ತೆ."

"ಬಿಡೇ. ಹುಟ್ಟಿಸಿಕೊಂಡವಳು ನಾನು" ಎಂದಳು ಮುದುಕಿ. ಮಂಡಿ ಹಿಡಿದುಕೊಂಡೇ ಒಳಗೆ ಹೋಗಿ, ಕೆಳಗೆ ಕೂತು, ಸೌಟಿನ ಹಿಡಿಯಿಂದ ಕಿಂಡಿಯ ಮೇಣ ಕೆರೆಯತೊಡಗಿದಳು. ಮಗ ಬಂದು ಸೌಟು ಕೇಳಿದ.

"ಕೊಡಲ್ಲ ಹೋಗೋ. ನನ್ನ ಮಂಡಿ ಬೆಚ್ಚಗಿರಲಿ ಅಂತ ತಾನೇ ಆ ಒಲೆ ಉರೀತಿದ್ದದ್ದು? ನಂಗೆ ಬಿಸಿನೀರಿನ ಚೀಲ ಸಾಕು. ವಿಷಗಾಳಿ ತುಂಬಿದ್ರೆ ಕೂಗೋ ಅಲಾರಂ ಸಿಗುತ್ತಂತೆ, ನೀನು ಪೇಟೆಗೆ ಹೋಗಿ ಅದನ್ನ ತಗೊಂಡು ಬಾ."

ಗಾಡಿಯಲ್ಲಿ ಬಾಳುವ, ಗಾಡಿಯಲ್ಲಿ ತಿರುಗುವ ಅಣ್ಣ ಅಕ್ಕಂದಿರೇ, ನಿಮ್ಮ ಗಾಡಿಯ ಕಿಂಡಿಗಳನ್ನು ಒಮ್ಮೆ ಬಗ್ಗಿ ನೋಡಿ. ಹುಳು ಬಂದರೆ ಜಾಲರಿ ಹಾಕಿ, ಅದಕ್ಕೆ ಧೂಳು ಕಟ್ಟದಂತೆ ಉಜ್ಜುತ್ತಿರಿ, ಕಿಂಡಿ ಮುಚ್ಚಬೇಡಿ. ಒಲೆ ಇರುವುದು ಅಡುಗೆಗೆ, ಚಳಿ ಕಾಯಿಸಲಿಕ್ಕಲ್ಲ. ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಿ ಬಳಸಿ. ಗಾಡಿ ಹೊರಡುವ ಮುನ್ನ ಸಿಲಿಂಡರ್ ಬಂದ್ ಮಾಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಬೆಂಕಿ ಹಚ್ಚದೆ ಎಲ್ಲರೂ ಹೊರಗೆ ಬನ್ನಿ. ವರ್ಷಕ್ಕೊಮ್ಮೆ ಪೈಪು, ಒಲೆ, ವೈರುಗಳನ್ನು ಬಲ್ಲವರಿಗೆ ತೋರಿಸಿ. ಮತ್ತೆ, ಗಾಡಿಯೊಳಗಿನ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ ಕಾರಣ ಆಮೇಲೆ ಹುಡುಕಿ. ಮೊದಲು ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತನ್ನಿ.