ತಣ್ಣಗಿಡಿ

ಕುತ್ತಿಗೆಯ ಹಿಂದೆ ಏಸಿ ಗಾಳಿ, ಇದಕ್ಕೆ ಇಂಗ್ಲಿಷಿನವರು ಏನನ್ನುತ್ತಾರೆ, ಕೂಲ್ ಅಲ್ಲ, ಕೂಲ್ ಅಂದರೆ ಹಿತ, ಇದು ಚಿಲ್ಲಿ ಇರಬೇಕು, ಮೆಣಸಿನಕಾಯಿಯಲ್ಲ, ಶಾಲು ಹೊದೆಯೋಣವೇ ಬೇಡವೇ ಅನ್ನಿಸುವ ಚಳಿ, ಇನ್ನಷ್ಟು ಇಳಿದರೆ ಕೋಲ್ಡ್, ಹಲ್ಲು ಕಟಕಟ ಅಂದರೆ ಫ್ರೀಜಿಂಗ್ — ಎಷ್ಟು ಮೆಟ್ಟಿಲು ಕಟ್ಟಿಕೊಂಡಿದ್ದಾರೆ ಮಹಾರಾಯರು, ಅವಳು ಮಾತ್ರ ಎಲ್ಲವನ್ನೂ ಒಂದೇ ನೆಗೆತಕ್ಕೆ ಹಾರಿ, ತಣ್ಣಗಿಡಿ ಎಂದು ಬರೆದು ಕೈತೊಳೆದುಕೊಂಡಿದ್ದಳು. ಔಷಧಿ ಡಬ್ಬಿಗಳ ಮೇಲಿನ ಇಂಗ್ಲಿಷನ್ನು ಕನ್ನಡಕ್ಕೆ ತರುವ ಕೆಲಸ, ಹನ್ನೊಂದು ವರ್ಷ, ಒಂದು ಒತ್ತಕ್ಷರ ತಪ್ಪಿಲ್ಲವೆಂಬ ಜಂಬ ಬೇರೆ. ಇನ್ಸುಲಿನ್ ಡಬ್ಬಿಯ ಮೇಲೆ ಇದ್ದದ್ದು ಎರಡು ಸಾಲು, ಕೋಲ್ಡ್ ಜಾಗದಲ್ಲಿಡಿ, ಫ್ರೀಜ್ ಆಗಲು ಬಿಡಬೇಡಿ, ಅಷ್ಟಕ್ಕೆಲ್ಲ ಜಾಗ ಎಲ್ಲಿದೆ ಮೇಡಂ ಅಂದಿದ್ದರು ಮುದ್ರಣದ ಮೇಲ್ವಿಚಾರಕರು, ಒಂದೇ ಪದದಲ್ಲಿ ಮುಗಿಸಿ, ಜನಕ್ಕೆ ಗೊತ್ತಾಗಲ್ವಾ, ಗೊತ್ತಾಗುತ್ತೆ ಬಿಡಿ ಅಂದವಳು ಅವಳೇ. ಗೊತ್ತಾಯಿತಲ್ಲ. ಅದನ್ನೇ ಓದಿ ಅವಳ ಅಕ್ಕ ಸೀಸೆಯನ್ನು ಫ್ರಿಜ್ಜಿನ ಮೇಲ್ಖಾನೆಯಲ್ಲಿ ಐಸಿನ ಟ್ರೇ ಪಕ್ಕ ಇಟ್ಟಳು, ಕಲ್ಲಾದದ್ದನ್ನು ಕರಗಿಸಿಕೊಂಡು ಒಂಬತ್ತು ದಿನ ಚುಚ್ಚಿಕೊಂಡಳು, ಹೆಪ್ಪುಗಟ್ಟಿದ ಇನ್ಸುಲಿನ್ ನಂಬುವಂಥದ್ದಲ್ಲ ಎಂದು ಅವಳಿಗೆ ಯಾರು ಹೇಳಿದ್ದರು, ನಿನ್ನೆ ಅಡುಗೆಮನೆಯಲ್ಲಿ ಕುಸಿದಳು.

ಈಗ ಅದೇ ಡಬ್ಬಿಯ ಮರುಮುದ್ರಣದ ಹಾಳೆ ಮೇಜಿನ ಮೇಲಿದೆ, ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು, ತಂಪು ಅಂದರೆ ಮರದ ನೆರಳು, ಶೀತ ಅಂದರೆ ಮೂಗು ಸೋರುತ್ತದೆ, ತಣ್ಣಗೆ — ಆರಿದ ಕಾಫಿಯೂ ತಣ್ಣಗೆ, ನಿನ್ನೆ ಆಸ್ಪತ್ರೆಯಲ್ಲಿ ಹಿಡಿದ ಅಕ್ಕನ ಪಾದವೂ ತಣ್ಣಗೆ, ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಹರಸುತ್ತಿದ್ದದ್ದೂ ಆ ಅಕ್ಕನೇ. ಫ್ರಿಜ್ಜಿನ ಒಳಗಿಡಿ, ಐಸ್ ಕಟ್ಟುವ ಖಾನೆಯಲ್ಲಿ ಬೇಡ, ಎಂದು ಗೀಚಿದಳು, ಇಷ್ಟೇ ಅಲ್ಲವೇ, ಇಷ್ಟಕ್ಕೆ ಜಾಗವಿರಲಿಲ್ಲವೇ. ಹಳೇ ಡಬ್ಬಿ ಎಲ್ಲ ವಾಪಸ್ ತರಿಸಬೇಕು ಸಾರ್, ತಪ್ಪು ನನ್ನದೇ, ಬರೆದುಕೊಡ್ತೀನಿ, ಅಂದಾಗ ಮೇಲ್ವಿಚಾರಕರು ಬಾಗಿಲು ಮುಂದೆ ಮಾಡಿದರು, ನಲವತ್ತು ಸಾವಿರ ಡಬ್ಬಿ ಮೇಡಂ, ನಿಮ್ಮ ಕೆಲಸಾನೂ ಹೋಗುತ್ತೆ ನಂದೂ ಹೋಗುತ್ತೆ, ಹೊಸದರಲ್ಲಿ ತಿದ್ದಿ, ಹಳೇದರ ವಿಷಯದಲ್ಲಿ ತಣ್ಣಗೆ ಕೂತ್ಕೊಳ್ಳಿ. ತಣ್ಣಗೆ, ಅದಕ್ಕೂ ಅದೇ ಪದ, ನಾಚಿಕೆಯಾಗಬೇಕು ಈ ಪದಕ್ಕೆ, ಪದಕ್ಕೇನು, ಬರೆದವಳಿಗೆ. ಫೋನು ನಡುಗಿತು, ಅಕ್ಕ, ದನಿ ಎಳೆಯಷ್ಟಿದೆ ಆದರೂ ಅಕ್ಕನೇ, ಡಾಕ್ಟರು ಬೈದರು ಕಣೇ, ಯಾರಮ್ಮ ನಿಮಗೆ ಐಸಲ್ಲಿಡೋಕೆ ಹೇಳಿದ್ದು ಅಂತ, ನಾನೂ ಬಿಡಲಿಲ್ಲ, ನನ್ನ ತಂಗಿ ಬರೆದಿರೋದು ಸಾರ್ ಅಂದೆ, ಅವಳು ಸುಮ್ಮಸುಮ್ಮನೆ ಬರೀತಾಳಾ, ಚೆನ್ನಾಗಿ ತಣ್ಣಗಿರಲಿ ಅಂತ ಮೇಲಿಟ್ಟೆ, ನೀನು ಬರೆದಿದ್ದು ಅಂತ ಎಷ್ಟು ಸಲ ಓದಿದೀನಿ ಗೊತ್ತಾ, ಕನ್ನಡಕ ಸಿಗದೆ ಇದ್ದರೂ ಬೆರಳಿಟ್ಟುಕೊಂಡು. ಹೇಳಬೇಕು, ಈಗಲೇ, ಅಕ್ಕಾ ತಪ್ಪು ನಂದು, ಬಾಯಿ ತೆರೆದಳು, ಅಕ್ಷರದ ಕೆಳಗೆ ತೆವಳುವ ಆ ಬೆರಳು ಕಂಡಿತು, ಆಮೇಲೆ ಯಾರದೋ ಮನೆಯ ಇನ್ನೊಂದು ಬೆರಳು, ಇನ್ನೊಂದು, ನಲವತ್ತು ಸಾವಿರ ಬೆರಳು, ನಂಬಿಕೊಂಡು, ನಿಧಾನಕ್ಕೆ, ತ, ಣ್ಣ, ಗಿ, ಡಿ.