ಎದುರುಬದುರು ಕೂತ ಬಣ್ಣಗಳು

ನನ್ನ ಕಿರಿಯ ಮಗಳು ಅನಿಪಾ ರಾಜಧಾನಿ ಬಿಷ್ಕೆಕ್‌ನ ಚಿತ್ರಕಲಾ ಕಾಲೇಜು ಸೇರಿದ ಮೊದಲ ವರ್ಷವೇ, ಇನ್ನು ಹೋಗುವುದಿಲ್ಲ ಎಂದು ಕೂತುಬಿಟ್ಟಳು. ಅವಳನ್ನು ಅಲ್ಲಿಗೆ ಕಳಿಸಲು ನಾನು, ಮನೆಯ ಹಣಕಾಸು ನೋಡಿಕೊಳ್ಳುವ ಮೈದುನನ ಜೊತೆ ಒಂದು ಚಳಿಗಾಲವಿಡೀ ಜಗಳವಾಡಿದ್ದೆ. ಇಷ್ಟಕ್ಕೆಲ್ಲ ಕಾರಣ ಒಂದು ಹಾಸು.

ರಜೆಗೆ ಬಂದಾಗ ಅವಳು ತಾನೇ ಬರೆದ ಬಣ್ಣದ ಚಕ್ರವೊಂದನ್ನು ತಂದು ಗೋಡೆಗೆ ಅಂಟಿಸಿದಳು. ಹನ್ನೆರಡು ಬಣ್ಣ. ಕೆಂಪು, ಹಳದಿ, ನೀಲಿ ತಾಯಂದಿರಂತೆ; ಉಳಿದವೆಲ್ಲ ಅವುಗಳನ್ನು ಬೆರೆಸಿ ಹುಟ್ಟಿದವಂತೆ. ಎದುರುಬದುರು ಕೂತ ಬಣ್ಣಗಳನ್ನು ಬೆರೆಸಿದರೆ ಕೆಸರು, ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಎತ್ತಿ ತೋರಿಸುತ್ತವಂತೆ. ಮೂವತ್ತು ವರ್ಷದಿಂದ ಉಣ್ಣೆಗೆ ಬಣ್ಣ ಹಾಕುತ್ತಿರುವ ನನಗೆ ನಗು ಬಂತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಹಿರಿಯ ಮಗಳು ಜೂರಾಳ ಮದುವೆ ಹತ್ತಿರವಿತ್ತು. ಗಂಡನ ಮನೆಗೆ ಹೋಗುವವಳ ಜೊತೆ ಶಿರ್ದಾಕ್ ಎಂಬ ಚಿತ್ತಾರದ ಉಣ್ಣೆ ಹಾಸು ಹೋಗಲೇಬೇಕು. ನಾನು ಕೆಂಪು, ಕಂದು ಎಂದೆ. ಅನಿಪಾ ಕೆಂಪು, ಹಸಿರು ಎಂದು ಹಟ ಹಿಡಿದಳು. ಚಕ್ರದಲ್ಲಿ ಅವೆರಡೂ ನೇರ ಎದುರು. ಹೋಗಲಿ, ಓದಿದವಳು ಎಂದು ಬಿಟ್ಟೆ. ಅವಳೇ ಬಣ್ಣ ಕುದಿಸಿ, ಕಾಗದಕ್ಕೆ ಹೋಲಿಸಿ ಹೋಲಿಸಿ ಅದ್ದಿದಳು. ಉಣ್ಣೆಯ ಎರಡು ದಪ್ಪ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಟಗರಿನ ಕೊಂಬಿನ ಚಿತ್ತಾರವನ್ನು ಒಟ್ಟಿಗೇ ಕತ್ತರಿಸಿದೆವು. ಹಸಿರಿನಲ್ಲಿ ತೆರವಾದ ಜಾಗಕ್ಕೆ ಕೆಂಪು ಕೊಂಬು, ಕೆಂಪಿನಲ್ಲಿ ತೆರವಾದ ಜಾಗಕ್ಕೆ ಹಸಿರು ಕೊಂಬು. ಚೂರೂ ವ್ಯರ್ಥವಾಗದೆ ಎರಡು ಹಾಸು.

ನೆಲದ ಮೇಲೆ ಜೋಡಿಸಿದಾಗ ಕೊಂಬುಗಳು ಕುಣಿಯತೊಡಗಿದವು. ಅಂಚೆಲ್ಲ ಮಿನುಗುತ್ತಿತ್ತು, ನೋಟ ಒಂದು ಕಡೆ ನಿಲ್ಲಲೇ ಇಲ್ಲ. ಪಕ್ಕದ ಮನೆಯ ಬುಬುಶ್ ಅಕ್ಕ ಬಂದವಳೇ ಹಣೆ ಹಿಡಿದುಕೊಂಡಳು.

"ಇದನ್ನ ಬೀಗರ ಮನೇಲಿ ಹಾಸಿದ್ರೆ, ಬಂದೋರಿಗೆ ಚಹಾ ಜೊತೆ ತಲೆನೋವಿನ ಮಾತ್ರೆನೂ ಕೊಡ್ಬೇಕಾಗುತ್ತೆ ಕಣೇ."

ಅನಿಪಾಳ ಮುಖ ಸಣ್ಣದಾಯಿತು. ಹಸಿರನ್ನು ಇನ್ನಷ್ಟು ಕಡುವಾಗಿ ಅದ್ದೋಣವೆಂದು ಒಲೆಯ ಕಡೆ ಓಡಿದಳು. ಕೈ ಹಿಡಿದು ನಿಲ್ಲಿಸಿದೆ. ಕತ್ತರಿಸಿದ ಉಣ್ಣೆ ಕುದಿಯುವ ನೀರಿಗೆ ಬಿದ್ದರೆ ಕುಗ್ಗುತ್ತದೆ, ಆಮೇಲೆ ಯಾವ ಕೊಂಬೂ ತನ್ನ ಜಾಗದಲ್ಲಿ ಕೂರುವುದಿಲ್ಲ. ಆಗ ಅವಳಿಗೆ ಹೊಳೆಯಿತು: ಬಣ್ಣ ಎದುರುಬದುರಾದರೂ ಎರಡೂ ಒಂದೇ ಸಮ ಕಡು. ಒಂದು ತಿಳಿಯಾಗಿ, ಒಂದು ಕಡುವಾಗಿ ಇರಬೇಕೆಂದು ಮೇಷ್ಟ್ರು ಎರಡೆರಡು ಸಲ ಹೇಳಿದ್ದರಂತೆ. ಚಕ್ರವನ್ನು ಗೋಡೆಯಿಂದ ಕಿತ್ತು ಮಡಚಿಟ್ಟಳು.

"ಅಕ್ಕನ ಹಾಸು ಹಾಳು ಮಾಡ್ದೆ. ನಂಗೆ ಬಣ್ಣ ಅನ್ನೋದೇ ಬರಲ್ಲ ಅಮ್ಮಾ. ನಾನಿನ್ನು ಕಾಲೇಜಿಗೆ ಹೋಗಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆಯ ಮೇಲೆ ಪೇರಿಸಿದ ಹಾಸಿಗೆಗಳ ಅಡಿಯಿಂದ ನನ್ನ ಹಳೆಯ ಶಿರ್ದಾಕನ್ನು ಎಳೆದು ಅವಳ ಮುಂದೆ ಹಾಕಿದೆ. ಕಡುನೀಲಿ, ಕಡುಕಂದು. ನಾನು ಮದುವೆಯಾಗಿ ಬರುವಾಗ ತಂದದ್ದು.

"ಇದ್ರಲ್ಲಿ ಚಿತ್ತಾರ ಎಲ್ಲಿದೆ?" ಎಂದಳು.

"ಕೈಯಲ್ಲಿ ತಡವು, ಸಿಗುತ್ತೆ."

ಸವರಿ ಸವರಿ ಕೊಂಬು ಹುಡುಕಿದಳು. ನನ್ನ ಅತ್ತೆಯ ನಾಲಿಗೆ ಕತ್ತರಿಗಿಂತ ಹರಿತ. ಆದರೆ ಇದನ್ನು ನೋಡಿ ಒಂದು ಮಾತೂ ಆಡದೆ, ಬಾಗಿಲಿಗೆ ಎದುರಾಗಿ, ಹಿರಿಯ ಅತಿಥಿಗಳು ಕೂರುವ ಜಾಗದಲ್ಲಿ ಹಾಸಿದ್ದಳು. ಇದಕ್ಕಿಂತ ಒಳ್ಳೆಯದನ್ನು ನಾನು ಹೊಲಿಯುವ ತನಕ, ಮೂರು ವರ್ಷ, ತೆಗೆಯಲಿಲ್ಲ. ಆ ಮೂರು ವರ್ಷ ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದನ್ನೆಲ್ಲ ಅನಿಪಾಗೆ ಹೇಳಿದೆ.

ಮರುದಿನ ಬಿಳಿ ಉಣ್ಣೆಯನ್ನು ದಪ್ಪ ಹುರಿಯಾಗಿ ಹೊಸೆದು, ಕೆಂಪು ಹಸಿರು ಸೇರುವ ಅಂಚಿನುದ್ದಕ್ಕೂ ಇಟ್ಟು ಹೊಲಿದೆವು. ನಡುವೆ ಬಿಳಿ ಬಂದದ್ದೇ ಕೊಂಬುಗಳು ತೆಪ್ಪಗಾದವು. ಬಿಳಿ ಉಣ್ಣೆ ಎರಡು ಹಾಸುಗಳಲ್ಲಿ ಒಂದಕ್ಕೆ ಮಾತ್ರ ಸಾಕಾಯಿತು. ಅದನ್ನು ಜೂರಾಳಿಗೆಂದು ಎತ್ತಿಟ್ಟೆ. ಇನ್ನೊಂದನ್ನು ಹುರಿಯಿಲ್ಲದೆಯೇ ಹೊಲಿದು, ನಮ್ಮ ಮನೆಯಲ್ಲಿ ಹಿರಿಯರು ಕೂರುವ ಜಾಗದಲ್ಲಿ ಹಾಸಿದೆ.

"ತೆಗಿ ಅಮ್ಮಾ, ಮರ್ಯಾದೆ ಹೋಗುತ್ತೆ."

"ಇದಕ್ಕಿಂತ ಚೆನ್ನಾಗಿರೋದನ್ನ ನೀನು ಮಾಡಿ ತಂದ ದಿನ ತೆಗೀತೀನಿ. ಅಲ್ಲೀವರ್ಗೂ ಇದು ಇಲ್ಲೇ."

ಎರಡು ದಿನ ಅವಳು ಆ ಹಾಸನ್ನು ತುಳಿಯದೆ ಸುತ್ತಿಕೊಂಡೇ ಓಡಾಡಿದಳು. ಬುಬುಶ್ ಅಕ್ಕ ಚಹಾಕ್ಕೆ ಬಂದು, ಬೇಕೆಂದೇ ಕಣ್ಣು ಮುಚ್ಚಿಕೊಂಡು ಕೂತಳು. ಸೋಮವಾರ ಬೆಳಿಗ್ಗೆ ಅನಿಪಾ ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದಳು.

ಒಳಗೆ ಬಂದರೆ ಚಕ್ರ ಮತ್ತೆ ಗೋಡೆಯ ಮೇಲಿತ್ತು. ಪ್ರತಿ ಬಣ್ಣದ ಪಕ್ಕದಲ್ಲೂ ಪೆನ್ಸಿಲ್ಲಿನಿಂದ ಒಂದೊಂದು ಬೂದು ಚೌಕ ತುಂಬಿದ್ದಳು: ಹಳದಿಗೆ ತೀರ ತಿಳಿ, ನೇರಳೆಗೆ ತೀರ ಕಡು. ಕೆಂಪಿಗೂ ಹಸಿರಿಗೂ ಒಂದೇ ಬೂದು. ಅವೆರಡರ ಕೆಳಗೂ ಗೆರೆ ಎಳೆದು, ಚಕ್ರದ ಅಡಿಯಲ್ಲಿ ಬರೆದಿದ್ದಳು: "ಹಾಸು ತೆಗೀಬೇಡ. ನಾನೇ ಬಂದು ತೆಗೀತೀನಿ."